ಮೇರಿ ಲೂ ವಿಲಿಯಮ್ಸ್: ಇಪ್ಪತ್ತು ನಿಮಿಷ ಮಾತು, ಐದೇ ಧ್ವನಿಮುದ್ರಿಕೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ತಂಬೂರಿ ತಂತಿ (ಶನಿವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ತಿಂಗಳಿಗೊಮ್ಮೆ ಹದಿನೈದಿಪ್ಪತ್ತು ಜನ ಸೇರಿ ಸಂಗೀತ ಕೇಳುತ್ತೇವೆ. ಒಬ್ಬರು ಇಪ್ಪತ್ತು ನಿಮಿಷ ಮಾತನಾಡಿ ಐದು ಧ್ವನಿಮುದ್ರಿಕೆ ಕೇಳಿಸಬೇಕು, ಉಳಿದವರು ಚಹಾ ಕುಡಿದು ಜಗಳವಾಡಬೇಕು. ಇದುವರೆಗೆ ಬಂದದ್ದೆಲ್ಲ ಹಿಂದೂಸ್ತಾನಿ, ಕರ್ನಾಟಕ ಸಂಗೀತ, ಒಂದೆರಡು ಸಲ ರಂಗಗೀತೆ. ಮುಂದಿನ ಭಾನುವಾರದ ಸರದಿ ನನ್ನದು. ಬಾಯಿ ತಪ್ಪಿ "ಜಾಝ್ ಬಗ್ಗೆ ಹೇಳುತ್ತೇನೆ" ಎಂದುಬಿಟ್ಟೆ.

ಮೇರಿ ಲೂ ವಿಲಿಯಮ್ಸ್ ಅವರನ್ನು ಆರಿಸಿಕೊಂಡೆ. ಪಿಯಾನೋ ವಾದಕಿ, ಸಂಯೋಜಕಿ, ಕೊನೆಗೆ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. 1910ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿ, ಪಿಟ್ಸ್‌ಬರ್ಗ್‌ನಲ್ಲಿ ಬೆಳೆದು, 1981ರಲ್ಲಿ ತೀರಿಕೊಂಡವರು. ಇವರೊಬ್ಬರನ್ನು ಹಿಡಿದುಕೊಂಡರೆ ಇಡೀ ಜಾಝ್ ಚರಿತ್ರೆ ಹೇಳಿದಂತಾಗುತ್ತದೆ ಎಂದು ನನ್ನ ಲೆಕ್ಕ. ಈಗ ಅದೇ ಕುತ್ತಿಗೆಗೆ ಬಂದಿದೆ. ಪಟ್ಟಿ ಮಾಡಲು ಕುಳಿತರೆ ಹದಿನೇಳಾಯಿತು. ಹದಿನೇಳನ್ನು ಐದಕ್ಕೆ ಇಳಿಸಿಕೊಡಿ. ಕೇಳುವವರಲ್ಲಿ ಒಬ್ಬರೂ ಜಾಝ್ ಕೇಳಿದವರಲ್ಲ, ಇಬ್ಬರು ಮೃದಂಗದವರು, ಒಬ್ಬರು ಎಂಬತ್ತು ದಾಟಿದ ಅಜ್ಜಿ. ಅಜ್ಜಿಗೆ ಬೇಸರವಾದರೆ ಮುಖದ ಮೇಲೆಯೇ ಹೇಳುತ್ತಾರೆ.

ಹಳೆಯ ತಟ್ಟೆ (ರಾತ್ರಿ 9:34)

ಮೊದಲನೆಯದರಲ್ಲಿ ಗೊಂದಲವೇ ಇಲ್ಲ. 1930ರಲ್ಲಿ ಶಿಕಾಗೋದಲ್ಲಿ ಮುದ್ರಿಸಿದ ಒಂಟಿ ಪಿಯಾನೋ, 'ನೈಟ್ ಲೈಫ್'. ಮೂರು ನಿಮಿಷ, ಅಜ್ಜಿಗೆ ಬೇಸರ ಬರುವಷ್ಟರಲ್ಲಿ ಮುಗಿದಿರುತ್ತದೆ. ಎಡಗೈ ಗಡಿಯಾರದ ಹಾಗೆ ನಡೆಯುತ್ತದೆ, ಬಲಗೈ ರಾತ್ರಿಯಿಡೀ ಬೀದಿ ಸುತ್ತುತ್ತದೆ. ನುಡಿಸಿದಾಗ ಆಕೆಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಮೇರಿ ಎಂಬ ಹೆಸರಿಗೆ 'ಲೂ' ಅಂಟಿದ್ದು ಆ ಮುದ್ರಣದಲ್ಲೇ. ರೆಕಾರ್ಡ್ ಕಂಪನಿಯ ಜಾಕ್ ಕ್ಯಾಪ್ ಸೇರಿಸಿದ್ದು. ಹೆಸರು ಬಂತು, ಆ ತಟ್ಟೆಯ ರಾಯಧನ ಮಾತ್ರ ಬರಲಿಲ್ಲವೆಂದು ಆಕೆ ನಂತರ ಹೇಳಿಕೊಂಡಿದ್ದಾರೆ.

ಉಪ್ಪಿನಕಾಯಿ (ರಾತ್ರಿ 9:41)

ಜಾಝ್ ಎಂದರೆ ಐದು ಜನ ಒಂದೇ ಹೊತ್ತಿಗೆ ಐದು ಬೇರೆ ಹಾಡು ನುಡಿಸುವುದು ತಾನೇ? ಹಾಗಾದರೆ ಒಂದೇ ಹಾಕಿ, ಐದರ ಲೆಕ್ಕ ಸರಿಹೋಗುತ್ತದೆ.

ಎಡಗೈ (ರಾತ್ರಿ 9:58)

ಉಪ್ಪಿನಕಾಯಿಯವರೇ, ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರ ಒಟ್ಟಿಗೆ ಕೋರ್ವೆಗೆ ಬಂದಾಗ ನಿಮಗೆ ಮೂರು ಹಾಡು ಕೇಳಿಸುತ್ತದೆಯೇ? ತಳದಲ್ಲಿ ಆವರ್ತ ಓಡುತ್ತಿದೆ ಎಂದು ಗೊತ್ತಿರುವುದರಿಂದ ತಲೆದೂಗುತ್ತೀರಿ. ಇಲ್ಲೂ ಹನ್ನೆರಡು ಮಾತ್ರೆಗಟ್ಟಿನ ಬ್ಲೂಸ್ ಸುತ್ತುತ್ತಿರುತ್ತದೆ. ಅದನ್ನು ಬೆರಳಲ್ಲಿ ಎಣಿಸಿಬಿಟ್ಟರೆ ಅರ್ಧ ಭಯ ಹೋಗುತ್ತದೆ.

ತಂಬೂರಿ ತಂತಿಯವರೇ, ಮೃದಂಗದವರಿದ್ದಾರೆ ಎಂದಿರಲ್ಲ, ಅವರಿಗಾಗಿ 'ರೋಲ್ ಎಮ್' ಬೇಕೇ ಬೇಕು. 1937ರಲ್ಲಿ ಬೆನ್ನಿ ಗುಡ್‌ಮನ್ ವಾದ್ಯವೃಂದಕ್ಕೆ ಬರೆದುಕೊಟ್ಟದ್ದು, ಬೂಗಿ-ವೂಗಿ, ಅಂದರೆ ಎಡಗೈ ಒಂದೇ ನಡೆಯನ್ನು ಬಿಡದೆ ಉರುಳಿಸುವ ಬ್ಲೂಸ್ ಶೈಲಿ. ಪಿಯಾನೋದಲ್ಲಿ ಎಡಗೈ ಮಾಡುವ ಕೆಲಸವನ್ನು ಇಡೀ ತಂಡಕ್ಕೆ ಹಂಚಿದ್ದಾರೆ. ನಾನು ಹದಿನೆಂಟು ವರ್ಷದಿಂದ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದೇನೆ. ಬೂಗಿಯ ಎಡಗೈಯನ್ನು ಎರಡು ನಿಮಿಷ ನಿಲ್ಲಿಸದೆ ನುಡಿಸಿ ಎಂದರೆ ಮುಂಗೈ ಹಿಡಿದುಕೊಳ್ಳದೆ ಇರುವ ಮಗುವನ್ನು ಇನ್ನೂ ನೋಡಿಲ್ಲ.

ಎರಡನೆಯ ಕಾಲ (ರಾತ್ರಿ 10:15)

'ರೋಲ್ ಎಮ್' ಗುಡ್‌ಮನ್ ಹೆಸರಲ್ಲಿ ಓಡಿದ್ದು. ಪರಿಚಯ ಮಾಡಿಸುವಾಗ ಬೇರೆಯವರ ತಂಡವೇಕೆ? ಆಕೆಯದೇ ತಂಡ ಇತ್ತಲ್ಲ, ಆಂಡಿ ಕರ್ಕ್ ಅವರ 'ಟ್ವೆಲ್ವ್ ಕ್ಲೌಡ್ಸ್ ಆಫ್ ಜಾಯ್', ಕಾನ್ಸಾಸ್ ಸಿಟಿಯದು. 1942ರವರೆಗೆ ಆ ತಂಡದ ಬೆನ್ನೆಲುಬೇ ಆಕೆ. 1936ರ 'ವಾಕಿನ್ ಆಂಡ್ ಸ್ವಿಂಗಿನ್' ಹಾಕಿ. ಅದರೊಳಗಿನ ಒಂದು ತುಣುಕು ಮುಂದೆ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ 'ರಿದಮ್-ಎ-ನಿಂಗ್' ಆಗಿ ಬೆಳೆಯಿತು. ಮೊದಲು ಅದನ್ನು, ಹಿಂದೆಯೇ ಮಂಕ್‌ದನ್ನು ಹತ್ತು ಸೆಕೆಂಡು ಕೇಳಿಸಿ. ಯಾರು ಯಾರಿಗೆ ಪಾಠ ಹೇಳಿದರು ಎಂದು ವಿವರಿಸುವ ಶ್ರಮವೇ ಬೇಡ.

ತಂಬೂರಿ ತಂತಿ (ರಾತ್ರಿ 10:22)

ಇದು ಚೆನ್ನಾಗಿದೆ. ಆದರೆ ಹತ್ತು ಸೆಕೆಂಡಿನದೂ ಒಂದು ಎಂದು ನಮ್ಮ ಕಾರ್ಯದರ್ಶಿ ಲೆಕ್ಕ ಹಿಡಿಯುತ್ತಾರೆ. ನಿಯಮದ ಮನುಷ್ಯ.

ಕಂಪನಿ ಅಜ್ಜ (ಭಾನುವಾರ, ಬೆಳಿಗ್ಗೆ 6:05)

ಮಕ್ಕಳೇ, ನನಗೆ ಜಾಝ್ ಗೊತ್ತಿಲ್ಲ. ನಾಟಕ ಕಂಪನಿಗಳಲ್ಲಿ ಇಪ್ಪತ್ತಾರು ವರ್ಷ ಲೆಗ್ ಹಾರ್ಮೋನಿಯಂ ತುಳಿದವನು. ಈ ಹೆಂಗಸು ಕಲಿತದ್ದು ಹೇಗೆ? ಗುರುಗಳು ಯಾರು? ಅದನ್ನು ಯಾರೂ ಹೇಳಲಿಲ್ಲ.

ಎಡಗೈ (ಬೆಳಿಗ್ಗೆ 7:30)

ಅಜ್ಜ, ನಿಮ್ಮ ವಾದ್ಯದಿಂದಲೇ ಆರಂಭ! ಆಕೆಯ ತಾಯಿ ಕಾಲಿನಿಂದ ತುಳಿಯುವ ಆರ್ಗನ್ ನುಡಿಸುತ್ತಿದ್ದರು, ಅಂದರೆ ನಿಮ್ಮ ಲೆಗ್ ಹಾರ್ಮೋನಿಯಂನ ಅಕ್ಕ. ಮೂರು ನಾಲ್ಕು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನುಡಿಸುತ್ತಿದ್ದಾಗ, ಮಗು ಕೈ ಚಾಚಿ ಅದೇ ಸ್ವರಗಳನ್ನು ಹಿಂದಿರುಗಿಸಿತಂತೆ. ತಾಯಿ ಬೆಚ್ಚಿಬಿದ್ದು ನೆರೆಹೊರೆಯವರನ್ನು ಕರೆಯಲು ಓಡಿದರಂತೆ.

ಮುಂದಿನದು ನಮ್ಮಂಥ ಮೇಷ್ಟ್ರುಗಳಿಗೆ ಹೊಟ್ಟೆ ಉರಿಸುವ ಸಂಗತಿ. ಆ ತಾಯಿ ಮಗಳ ಹತ್ತಿರ ಸಂಗೀತ ಮೇಷ್ಟ್ರನ್ನು ಸುಳಿಯಗೊಡಲಿಲ್ಲ. ತಾನು ಓದಿ ಕಲಿತು, ಕಾಗದವಿಲ್ಲದೆ ನುಡಿಸುವ ಶಕ್ತಿಯನ್ನೇ ಕಳೆದುಕೊಂಡೆ ಎಂಬ ಕೊರಗು ಅವರಿಗಿತ್ತು. ಅದರ ಬದಲು ವೃತ್ತಿ ಸಂಗೀತಗಾರರನ್ನು ಮನೆಗೆ ಕರೆಸಿ ಮಗಳ ಮುಂದೆ ನುಡಿಸಲು ಹೇಳುತ್ತಿದ್ದರು. ಸ್ವರಲಿಪಿ ಬರೆಯಲು ಆಕೆ ಕಲಿತದ್ದು ಕರ್ಕ್ ತಂಡಕ್ಕೆ ಬಂದ ಮೇಲೆ. ಮೊದಮೊದಲು ಆಕೆ ನುಡಿಸಿ ತೋರಿಸಿದ್ದನ್ನು ಕರ್ಕ್ ಬರೆದುಕೊಳ್ಳುತ್ತಿದ್ದರು.

ಕಂಪನಿ ಅಜ್ಜ (ಬೆಳಿಗ್ಗೆ 7:48)

ತಾಯಿ ಸರಿಯಾಗಿ ಮಾಡಿದಳು. ನಮ್ಮ ಕಂಪನಿಯಲ್ಲೂ ಮೊದಲ ಮೂರು ತಿಂಗಳು ಮೇಷ್ಟ್ರ ಪಕ್ಕದಲ್ಲಿ ಕುಳಿತು ಕೇಳುವುದಷ್ಟೇ. ಪೆಟ್ಟಿಗೆ ಮುಟ್ಟಿದರೆ ಬೆರಳಿಗೆ ಏಟು.

ಬೆಳಗಿನ ಕಾಫಿ (ಬೆಳಿಗ್ಗೆ 8:02)

ಅಜ್ಜ, ಹಾಗಾದರೆ ನಿಮಗೆ ಇದು ಇಷ್ಟವಾಗುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಚಿಕ್ಕವಳಾಗಿದ್ದಾಗ ಮೇರಿ ಲೂ ಒಂದು ಪ್ರದರ್ಶನಕ್ಕೆ ಹೋಗಿದ್ದರು. ರಂಗದ ಮುಂದಿನ ಗುಂಡಿಯಲ್ಲಿ ವಾದ್ಯದವರ ನಡುವೆ ಲವೀ ಆಸ್ಟಿನ್ ಎಂಬ ಹೆಂಗಸು ಪಿಯಾನೋ ಮುಂದೆ ಕುಳಿತಿದ್ದರು. ಕಾಲ ಮೇಲೆ ಕಾಲು, ತುಟಿಯಲ್ಲಿ ಸಿಗರೇಟು. ಎಡಗೈಯಲ್ಲಿ ನಡೆಯುತ್ತಿರುವ ದೃಶ್ಯಕ್ಕೆ ನುಡಿಸುತ್ತಾ, ಬಲಗೈಯಲ್ಲಿ ಮುಂದಿನ ದೃಶ್ಯದ ಸಂಗೀತವನ್ನು ಬರೆಯುತ್ತಿದ್ದರಂತೆ! "ನಾನೂ ಒಂದು ದಿನ ಹೀಗೆ ಮಾಡುತ್ತೇನೆ" ಎಂದು ಹುಡುಗಿ ಅಂದೇ ನಿಶ್ಚಯಿಸಿಕೊಂಡಳು. ಮುಂದೆ ಒಂದು ರಾತ್ರಿಯ ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ಊರೂರು ತಿರುಗುವಾಗ ಹಾಗೆಯೇ ಮಾಡಿದೆ ಎಂದೂ ಹೇಳಿಕೊಂಡಿದ್ದಾರೆ.

ಕಂಪನಿ ಅಜ್ಜ (ಬೆಳಿಗ್ಗೆ 8:10)

ಸಿಗರೇಟಿನ ಬೂದಿ ಎಲ್ಲಿ ಬೀಳುತ್ತಿತ್ತು? ನಮ್ಮ ಮೇಷ್ಟ್ರ ಬೀಡಿಯ ಕಿಡಿ ಬಿದ್ದು ಒಮ್ಮೆ ತಿದಿಗೆ ತೂತಾಗಿತ್ತು. ಅಂದು ರಾತ್ರಿಯ ಪ್ರಯೋಗವೆಲ್ಲ ಒಂದು ಸ್ವರ ಕೆಮ್ಮುತ್ತಲೇ ಇತ್ತು.

ರಾಗಿಮುದ್ದೆ (ಬೆಳಿಗ್ಗೆ 10:20)

ಕಾನ್ಸಾಸ್ ಸಿಟಿ ಎಂದ ಮೇಲೆ ಆ ಕಿಟಕಿಯ ಕಥೆ ಹೇಳದೆ ಬಿಡಬೇಡಿ. ಮದ್ಯನಿಷೇಧ ಜಾರಿಯಲ್ಲಿದ್ದರೂ ಪೆಂಡರ್‌ಗಾಸ್ಟ್ ಎಂಬ ರಾಜಕಾರಣಿಯ ಕೃಪೆಯಿಂದ ಆ ಊರಿನ ಕ್ಲಬ್ಬುಗಳು ಬೆಳಗಿನವರೆಗೆ ತೆರೆದಿರುತ್ತಿದ್ದವು. ಹಾಗಾಗಿ ಸಂಗೀತಗಾರರಿಗೆ ಹಬ್ಬ. ಸ್ಯಾಕ್ಸೋಫೋನಿನ ದೊರೆ ಕೋಲ್‌ಮನ್ ಹಾಕಿನ್ಸ್ ಊರಿಗೆ ಬಂದಿದ್ದರು. ಊರಿನ ಹುಡುಗರಾದ ಲೆಸ್ಟರ್ ಯಂಗ್, ಬೆನ್ ವೆಬ್‌ಸ್ಟರ್, ಹರ್ಷಲ್ ಇವಾನ್ಸ್ ಅವರೊಂದಿಗೆ ಜುಗಲ್ಬಂದಿ ಶುರುವಾಯಿತು. ಬೆಳಗಿನ ಜಾವ ನಾಲ್ಕಕ್ಕೆ ವೆಬ್‌ಸ್ಟರ್ ಬಂದು ಮೇರಿ ಲೂ ಅವರ ಕಿಟಕಿ ಬಡಿದು, "ಏಳು, ಪಿಯಾನೋದವರೆಲ್ಲ ಸುಸ್ತಾಗಿದ್ದಾರೆ" ಎಂದು ಎಬ್ಬಿಸಿಕೊಂಡು ಹೋದರಂತೆ. ಹೋಗಿ ನೋಡಿದರೆ ಹಾಕಿನ್ಸ್ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಬೆವರುತ್ತಾ ಇನ್ನೂ ನುಡಿಸುತ್ತಿದ್ದರಂತೆ.

ಹಳೆಯ ತಟ್ಟೆ (ಬೆಳಿಗ್ಗೆ 10:47)

ಕಥೆ ಸೊಗಸು. ಆದರೆ "ಅಂತೆ"ಯನ್ನು ಉಳಿಸಿಕೊಂಡೇ ಹೇಳಿ. ನಡೆದದ್ದು 1933ರ ಸುಮಾರಿಗೆ, ಆಕೆ ಪತ್ರಿಕೆಗೆ ಹೇಳಿದ್ದು 1954ರಲ್ಲಿ. ನಡುವೆ ಇಪ್ಪತ್ತು ವರ್ಷ. ಅಂದು ಯಾರು ಗೆದ್ದರು ಎಂಬುದಂತೂ ಹೇಳುವವರ ಊರಿನ ಮೇಲೆ ನಿಂತಿದೆ.

ರಾಗಿಮುದ್ದೆ (ಬೆಳಿಗ್ಗೆ 10:51)

ಯಾರು ಗೆದ್ದರೇನು ಸ್ವಾಮಿ, ನಾಲ್ಕು ಗಂಡಸರ ಜಿದ್ದಿಗೆ ಆಧಾರವಾಗಿ ಕೂರಲು ಎಬ್ಬಿಸಿದ್ದು ಯಾರನ್ನು ಎಂಬುದು ನನ್ನ ಮಾತು.

ನೀಲಿ ಕುಂಕುಮ (ಮಧ್ಯಾಹ್ನ 12:30)

ನೀವೆಲ್ಲ ಇನ್ನೂ 1930ರಲ್ಲೇ ಕುಳಿತಿದ್ದೀರಿ. 'ಜೋಡಿಯಾಕ್ ಸ್ವೀಟ್', ಅಂದರೆ ರಾಶಿಚಕ್ರದ ಸಂಗೀತಮಾಲೆ, ಎಲ್ಲಿ? 1945ರ ಈ ಕೃತಿಯಲ್ಲಿ ಹನ್ನೆರಡು ರಾಶಿಗಳಿಗೆ ಹನ್ನೆರಡು ತುಣುಕು. ಪ್ರತಿಯೊಂದೂ ಆಯಾ ರಾಶಿಯಲ್ಲಿ ಹುಟ್ಟಿದ ಸಂಗೀತಗಾರರಿಗೆ, ಗೆಳೆಯರಿಗೆ ಅರ್ಪಿತ. ಮೇಷ ಬೆನ್ ವೆಬ್‌ಸ್ಟರ್ ಮತ್ತು ಬಿಲ್ಲಿ ಹಾಲಿಡೇ ಅವರಿಗೆ. ತುಲಾ ಆರ್ಟ್ ಟೇಟಮ್, ಬಡ್ ಪವೆಲ್, ಮಂಕ್, ಡಿಜ್ಜಿ ಗಿಲೆಸ್ಪಿ ಇವರಿಗೆಲ್ಲ ಸೇರಿ. ಆಕೆಗೆ ನ್ಯೂಯಾರ್ಕಿನ ಡಬ್ಲ್ಯೂಎನ್‌ಇಡಬ್ಲ್ಯೂ ರೇಡಿಯೋದಲ್ಲಿ ವಾರದ ಕಾರ್ಯಕ್ರಮವಿತ್ತು. ಅಲ್ಲಿ ವಾರಕ್ಕೊಂದು ರಾಶಿಯಂತೆ ನುಡಿಸುತ್ತಾ ಬಂದರು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಟೌನ್ ಹಾಲ್‌ನಲ್ಲಿ ಚಿಕ್ಕ ಆರ್ಕೆಸ್ಟ್ರಾದೊಂದಿಗೆ ಪ್ರಸ್ತುತಪಡಿಸಿದರು. ಸಂಯೋಜಕಿ ಎಂಬ ಮಾತಿಗೆ ಪುರಾವೆ ಬೇಕಿದ್ದರೆ ಇದೇ. ನೃತ್ಯಕ್ಕೆ ಬರೆಯುವುದನ್ನು ಬಿಟ್ಟು ಕುಳಿತು ಕೇಳಲು ಬರೆದದ್ದು.

ಅಜ್ಜಿಯ ರಾಶಿ ಕೇಳಿಕೊಂಡು ಅದನ್ನೇ ಹಾಕಿ. ಬೇಸರವಾದರೆ ನನ್ನ ಹೆಸರು ಹೇಳಿ.

ತಂಬೂರಿ ತಂತಿ (ಮಧ್ಯಾಹ್ನ 12:44)

ಅಜ್ಜಿಗೆ ಫೋನ್ ಮಾಡಿದೆ. "ಯಾವ ರಾಶಿ, ಚಂದ್ರನದೋ ಸೂರ್ಯನದೋ?" ಎಂದು ಮರುಪ್ರಶ್ನೆ ಬಂತು. ಅಮೆರಿಕದವರದು ಸೂರ್ಯನ ಲೆಕ್ಕ ಎಂದೆ. "ಹಾಗಾದರೆ ಅದು ನನಗೆ ಹೊಂದುವುದಿಲ್ಲ" ಎಂದು ಫೋನ್ ಇಟ್ಟರು.

ಉಪ್ಪಿನಕಾಯಿ (ಮಧ್ಯಾಹ್ನ 12:46)

ಅಜ್ಜಿಯನ್ನು ಈ ವೇದಿಕೆಗೆ ಸೇರಿಸಿ. ನಾನು ಹೊರಡುತ್ತೇನೆ.

ಮುಸ್ಸಂಜೆ (ಸಂಜೆ 5:15)

ನನ್ನ ಪ್ರಶ್ನೆ ಬೇರೆ. 1954ರಲ್ಲಿ ಪ್ಯಾರಿಸಿನ ಒಂದು ಕ್ಲಬ್ಬಿನಲ್ಲಿ ನುಡಿಸುತ್ತಿದ್ದವರು ಎದ್ದು ಹೊರಟುಬಿಟ್ಟರು. ಮೂರು ವರ್ಷ ವೇದಿಕೆ ಹತ್ತಲಿಲ್ಲ. ನಲವತ್ತನಾಲ್ಕನೆಯ ವಯಸ್ಸು, ಕೈ ಚೆನ್ನಾಗಿ ಓಡುತ್ತಿದ್ದ ಕಾಲ. ದೇವರು, ಪ್ರಾರ್ಥನೆ ಎಂದು ಕುಳಿತದ್ದು ಸಂಗೀತಕ್ಕೆ ನಷ್ಟವಲ್ಲವೇ? ಅದನ್ನು ಮಾತಿನಲ್ಲಿ ಹೇಗೆ ಹೇಳುತ್ತೀರಿ? ಕೆಲವರು 'ಕಳೆದುಹೋದ ವರ್ಷಗಳು' ಎನ್ನುತ್ತಾರೆ.

ನೀಲಿ ಕುಂಕುಮ (ಸಂಜೆ 5:40)

ಯಾರಿಗೆ ಕಳೆದುಹೋದ ವರ್ಷ? ರೆಕಾರ್ಡ್ ಸಂಗ್ರಹಿಸುವವರಿಗೆ. 1955ರಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಸತ್ತಾಗ ಆತನಿಗೆ ಮೂವತ್ತನಾಲ್ಕು ವರ್ಷ. ಸುತ್ತಲಿನವರು ಹೆರಾಯಿನ್ನಿಗೆ ಬಿದ್ದು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಅದನ್ನು ಹತ್ತಿರದಿಂದ ನೋಡಿದವಳು ನಾಳೆ ರಾತ್ರಿ ಒಂಬತ್ತಕ್ಕೆ ಬಂದು ನಗುತ್ತಾ ನುಡಿಸಬೇಕಿತ್ತೇ? ವ್ಯಸನಕ್ಕೆ ಬಿದ್ದ ಸಂಗೀತಗಾರರನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿದರು. 1957ರಲ್ಲಿ ಕ್ಯಾಥೊಲಿಕ್ ಆದರು. ಅದೇ ವರ್ಷ ನ್ಯೂಪೋರ್ಟ್ ಉತ್ಸವದಲ್ಲಿ ಗಿಲೆಸ್ಪಿ ತಂಡದೊಂದಿಗೆ ಮರಳಿದರು. ಮರುವರ್ಷ ಬೆಲ್ ಕ್ಯಾಂಟೋ ಎಂಬ ಪ್ರತಿಷ್ಠಾನ ಮಾಡಿ, ಅದಕ್ಕೆ ಹಣ ಕೂಡಿಸಲು ಹಳೆಯ ಬಟ್ಟೆಬರೆಯ ಅಂಗಡಿ ಇಟ್ಟು, ಸ್ವಂತ ಗಳಿಕೆಯನ್ನೂ ಸುರಿದರು.

ಮುಸ್ಸಂಜೆ (ಸಂಜೆ 5:52)

ಸೇವೆ ದೊಡ್ಡದೇ, ಅಲ್ಲಗಳೆಯುವುದಿಲ್ಲ. ಆದರೆ ಅಂಗಡಿಯಲ್ಲಿ ಹಳೆಯ ಕೋಟು ಮಾರಲು ಬೇರೆಯವರು ಸಿಗುತ್ತಿದ್ದರು. 'ನೈಟ್ ಲೈಫ್' ನುಡಿಸಲು ಬೇರೆಯವರು ಸಿಗುತ್ತಿರಲಿಲ್ಲ. ಇಷ್ಟೇ ನನ್ನ ಸಂಕಟ.

ಎರಡನೆಯ ಕಾಲ (ಸಂಜೆ 6:20)

ಮುಸ್ಸಂಜೆಯವರ ಮಾತಿನಲ್ಲಿ ಹುರುಳಿದೆ. ಆದರೆ ಆ ಮೌನದಿಂದ ಹೊರಬಂದದ್ದನ್ನು ಕೇಳಿದ್ದೀರಾ? ಪೆರುವಿನ ಸಂತ ಮಾರ್ಟಿನ್ ಡಿ ಪೊರೆಸ್ ಬಗ್ಗೆ 1962ರಲ್ಲಿ ಮಾಡಿದ ಕೃತಿ, 'ಬ್ಲ್ಯಾಕ್ ಕ್ರೈಸ್ಟ್ ಆಫ್ ದ ಆಂಡೀಸ್'. ಬಹುಪಾಲು ಬರೀ ಕಂಠಗಳು. ಜಾಝ್ ಎಂದು ಕಾಯುತ್ತಾ ಕುಳಿತವರಿಗೆ ಪಿಯಾನೋ ಸಿಗುವುದೇ ಇಲ್ಲ, ಸಿಗುವುದೇ ಇಲ್ಲ. ಆಮೇಲೆ ನಡುವೆ ಲ್ಯಾಟಿನ್ ನಡೆಯ ಮೇಲೆ ಮೆಲ್ಲನೆ ಬಂದು, ಬಂದ ಹಾಗೆಯೇ ಹೊರಟುಹೋಗುತ್ತದೆ. ಇದನ್ನು ತನ್ನದೇ 'ಮೇರಿ ರೆಕಾರ್ಡ್ಸ್' ಸಂಸ್ಥೆಯಿಂದ ಹೊರತಂದರು. 1930ರಲ್ಲಿ ರಾಯಧನ ಸಿಗದವಳು ಕೊನೆಗೆ ಕಂಪನಿಯನ್ನೇ ಮಾಡಿಕೊಂಡಳು. ಐದರಲ್ಲಿ ಇದಿಲ್ಲದಿದ್ದರೆ ನಾನು ಈ ಚರ್ಚೆಯಿಂದ ಹೊರಗೆ.

ತುಂಗೆಯ ತಿರುವು (ಸಂಜೆ 7:05)

ಇದನ್ನೆಲ್ಲ ಓದುವಾಗ ನಮ್ಮ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. ಹುಟ್ಟಿದ್ದು 1913, ಹೆಚ್ಚು ಕಡಿಮೆ ಒಂದೇ ವಯಸ್ಸು. ಅಲ್ಲಿ ಕರಿಯಳು ಮತ್ತು ಹೆಂಗಸು, ಇಲ್ಲಿ ಜಾತಿ ಮತ್ತು ಹೆಂಗಸು. ಇಬ್ಬರೂ ಗಂಡಸರ ಸಭೆಯಲ್ಲಿ ಸದ್ದಿಲ್ಲದೆ ಜಾಗ ಮಾಡಿಕೊಂಡವರು. ತಂಬೂರಿ ತಂತಿಯವರು ಇಲ್ಲಿಂದ ಆರಂಭಿಸಿದರೆ ಸಭೆಗೆ ಹತ್ತಿರವಾಗುತ್ತದೆ.

ಹಳೆಯ ತಟ್ಟೆ (ಸಂಜೆ 7:18)

ದಯವಿಟ್ಟು ಬೇಡ. ಹೊರಗಿನವರನ್ನು ಪರಿಚಯಿಸುವಾಗಲೆಲ್ಲ ನಮ್ಮವರ ಪಕ್ಕ ನಿಲ್ಲಿಸಿ ಎತ್ತರ ಅಳೆಯುವ ಚಾಳಿ ಇದು. ಗಂಗೂಬಾಯಿಯವರು ಒಂದು ಘರಾನೆಯನ್ನು ಜೀವಮಾನವಿಡೀ ಕಾಪಾಡಿದವರು. ಮೇರಿ ಲೂ ದಶಕಕ್ಕೊಮ್ಮೆ ಮನೆ ಬದಲಿಸಿದವರು. ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಆಕೆಯನ್ನು ಸದಾ ಸಮಕಾಲೀನೆ ಎಂದು ಕರೆದದ್ದು ಸುಮ್ಮನೆ ಅಲ್ಲ. ಇಬ್ಬರ ಹಾದಿಯೂ ತದ್ವಿರುದ್ಧ.

ತುಂಗೆಯ ತಿರುವು (ಸಂಜೆ 7:25)

ನಾನು ಹೇಳಿದ್ದು ಸಂಗೀತದ ಹಾದಿಯಲ್ಲ, ಬಾಗಿಲಲ್ಲಿ ತಡೆದವರ ವಿಚಾರ. ಇರಲಿ, ಸಿಟ್ಟಾಗಬೇಡಿ ಸರ್, ಹಿಂದೆಗೆದುಕೊಳ್ಳುತ್ತೇನೆ. ಅರ್ಧ ಮಾತ್ರ.

ಹೊಳೆಯಾಚೆ (ರಾತ್ರಿ 8:40, ಇಲ್ಲಿ ಬೆಳಿಗ್ಗೆ)

ನಾನಿರುವುದು ಉತ್ತರ ಕೆರೊಲಿನಾದಲ್ಲಿ, ಡರ್ಹಮ್‌ಗೆ ಇಪ್ಪತ್ತು ನಿಮಿಷದ ದಾರಿ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಲೂ ವಿಲಿಯಮ್ಸ್ ಹೆಸರಿನ, ಕಪ್ಪು ಜನರ ಸಂಸ್ಕೃತಿಯ ಕೇಂದ್ರವೊಂದಿದೆ, 1983ರಿಂದ. ನಾಚಿಕೆಯ ಸಂಗತಿಯೆಂದರೆ, ಎಷ್ಟೋ ಕಾಲ ಆ ಹೆಸರು ಯಾರೋ ದುಡ್ಡು ಕೊಟ್ಟ ದಾನಿಯದು ಎಂದುಕೊಂಡಿದ್ದೆ. ನಮ್ಮೂರಲ್ಲಿ ಕಲ್ಯಾಣಮಂಟಪಕ್ಕೆ ಇಡುತ್ತಾರಲ್ಲ, ಹಾಗೆ. ಮಗಳು ಶಾಲೆಯ ಬ್ಯಾಂಡ್ ಸೇರಿದ ಮೇಲೆ ಅವಳೇ ತಿದ್ದಿದಳು.

1977ರಿಂದ ಸಾಯುವವರೆಗೂ ಅಲ್ಲಿ ಪಾಠ ಹೇಳಿದರು. ಜೊತೆಗೆ ಅವರ ವ್ಯವಸ್ಥಾಪಕರೂ ಆಗಿದ್ದ ಪೀಟರ್ ಓಬ್ರಿಯನ್ ಎಂಬ ಜೆಸ್ವಿಟ್ ಪಾದ್ರಿ. ಜಾಝ್ ಇತಿಹಾಸದ ತರಗತಿ, ವಿದ್ಯಾರ್ಥಿಗಳ ಜಾಝ್ ತಂಡ ಎರಡೂ ಅವರ ಕೈಯಲ್ಲಿ. ಅದಕ್ಕೂ ಮುಂಚೆ 1960ರ ದಶಕದಲ್ಲಿ ಪಿಟ್ಸ್‌ಬರ್ಗಿನ ಹುಡುಗಿಯರ ಕ್ಯಾಥೊಲಿಕ್ ಶಾಲೆಯೊಂದರಲ್ಲೂ ಕಲಿಸಿದ್ದರು.

ಎಡಗೈ (ರಾತ್ರಿ 9:05)

ನನ್ನ ಕೇಳಿದರೆ ಆಕೆಯ ದೊಡ್ಡ ವಿಶ್ವವಿದ್ಯಾಲಯ ಡ್ಯೂಕ್ ಆಗಿರಲಿಲ್ಲ. ಅದು ನ್ಯೂಯಾರ್ಕಿನ ಹಾರ್ಲೆಮ್‌ನ ಹ್ಯಾಮಿಲ್ಟನ್ ಟೆರೇಸಿನ ಬಾಡಿಗೆ ಮನೆ. 1940ರ ದಶಕದಲ್ಲಿ ಆಕೆ ಗ್ರೀನಿಚ್ ವಿಲೇಜಿನ ಕೆಫೆ ಸೊಸೈಟಿಯಲ್ಲಿ ನುಡಿಸಿ ಮನೆಗೆ ಬರುವ ಹೊತ್ತಿಗೆ ಮಂಕ್, ಬಡ್ ಪವೆಲ್, ಟ್ಯಾಡ್ ಡ್ಯಾಮರನ್, ಗಿಲೆಸ್ಪಿ ಇವರೆಲ್ಲ ಬಂದು ಸೇರುತ್ತಿದ್ದರು. ನೆಲದ ಮೇಲೆ ಕುಳಿತು, ಒಬ್ಬರಾದ ಮೇಲೊಬ್ಬರು ಎದ್ದು ಪಿಯಾನೋದಲ್ಲಿ ತಾವು ಹೊಸದಾಗಿ ಮಾಡಿದ್ದನ್ನು ತೋರಿಸಬೇಕು. ಇಲ್ಲಿ ಯಾರು ಮೇಷ್ಟ್ರು, ಯಾರು ಶಿಷ್ಯ? ಹುಡುಗರ ಹೊಸ ಹಾರ್ಮನಿಯನ್ನು ಆಕೆಯೂ ಕಲಿತರು. ಕಲಿತು 1949ರಲ್ಲಿ ಗಿಲೆಸ್ಪಿಗೇ 'ಇನ್ ದ ಲ್ಯಾಂಡ್ ಆಫ್ ಊ-ಬ್ಲಾ-ಡೀ' ಎಂಬ ತುಂಟ ಬೀಬಾಪ್ ಹಾಡು ಕೊಟ್ಟರು. ಬೀಬಾಪ್ ಎಂದರೆ ಆ ಹುಡುಗರು ಕಟ್ಟಿದ ಚುರುಕು ನಡೆಯ ಹೊಸ ಜಾಝ್. ಆಕೆಯ ಪೀಳಿಗೆಯ ಎಷ್ಟೋ ಜನ ಬೀಬಾಪ್ ಕೇಳಿ ಮೂಗು ಮುರಿದಿದ್ದರು.

ತಾಯಿ ಮೇಷ್ಟ್ರನ್ನು ಬಿಟ್ಟುಕೊಳ್ಳದೆ ಸಂಗೀತಗಾರರನ್ನು ಮನೆಗೆ ಕರೆಸಿದ್ದರು ಎಂದೆನಲ್ಲ. ಮಗಳೂ ಅದನ್ನೇ ಮಾಡಿದಳು, ಮನೆ ಮಾತ್ರ ಬೇರೆ. ಸಾಧ್ಯವಾದರೆ ನಿಮ್ಮ ಮಾತನ್ನು ಈ ಎರಡು ಮನೆಗಳ ನಡುವೆ ಕಟ್ಟಿ. ಐದು ಹಾಡು ತಾವಾಗಿ ಬರುತ್ತವೆ.

ಬೆಳಗಿನ ಕಾಫಿ (ರಾತ್ರಿ 9:14)

ನೆರೆಮನೆಯವರು ಏನನ್ನುತ್ತಿದ್ದರೋ! ನಾನು ರಾತ್ರಿ ಎಂಟಕ್ಕೆ ವೀಣೆ ಶ್ರುತಿ ಮಾಡಿದರೂ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಾರಸಿ ಕುಟ್ಟುತ್ತಾರೆ.

ಮುಸ್ಸಂಜೆ (ರಾತ್ರಿ 9:20)

ಎಡಗೈಯವರೇ, ಒಪ್ಪಿದೆ. ಆದರೆ ಅದೇ ಮೇರಿ ಲೂ ಮುಂದೆ ಜಾಝ್ ಮರದ ಚಿತ್ರ ಬರೆಸಿ, ಬೇರಿಗೆ 'ಯಾತನೆ' ಎಂದು ಹೆಸರಿಟ್ಟು, ಆವಾಂ-ಗಾರ್ಡ್‌ಗೆ, ಅಂದರೆ ಹಳೆಯ ಕಟ್ಟುಪಾಡು ಮುರಿದ ಪ್ರಯೋಗಶೀಲ ಜಾಝ್‌ಗೆ, ಒಣಕೊಂಬೆ ಕೊಟ್ಟರಲ್ಲ? ಹುಡುಗರ ಹೊಸತನ್ನು 1945ರಲ್ಲಿ ಒಪ್ಪಿದವರು ಮುಂದಿನ ಹುಡುಗರದನ್ನು ಏಕೆ ಒಪ್ಪಲಿಲ್ಲ? ಎಲ್ಲರೂ ಕೊನೆಗೆ ಮಡಿವಂತರೇ.

ಹಳೆಯ ತಟ್ಟೆ (ರಾತ್ರಿ 9:33)

ಪೂರ್ತಿ ಹೇಳಿ. ಹಾಗೆ ಮರ ಬರೆಸಿದವರೇ 1977ರ ಏಪ್ರಿಲ್ 17ರಂದು ಕಾರ್ನೆಗಿ ಹಾಲ್‌ನಲ್ಲಿ ಸೆಸಿಲ್ ಟೇಲರ್ ಪಕ್ಕದಲ್ಲಿ ಕುಳಿತರು. ಒಣಕೊಂಬೆಯ ತುತ್ತತುದಿ ಎಂದರೆ ಆತನೇ! ಎರಡು ಪಿಯಾನೋ, ಅರವತ್ತಾರರ ಆಕೆ. ಬ್ಲೂಸ್‌ನಿಂದ ಆರಂಭಿಸಿ ಇತಿಹಾಸದಲ್ಲಿ ನಡೆಸಿಕೊಂಡು ಹೋಗಬೇಕೆಂದು ಆಕೆಯ ಯೋಜನೆ. ಟೇಲರ್ ತನ್ನ ಸುರಿಮಳೆ ನಿಲ್ಲಿಸಲಿಲ್ಲ. ಧ್ವನಿಮುದ್ರಿಕೆಯ ಹೆಸರು 'ಎಂಬ್ರೇಸ್ಡ್', ಅಂದರೆ ಅಪ್ಪುಗೆ. ಕೇಳಿದರೆ ಇಬ್ಬರೂ ಒಂದೇ ಛತ್ರಿಗೆ ಕಿತ್ತಾಡಿದಂತಿದೆ.

ನೀಲಿ ಕುಂಕುಮ (ರಾತ್ರಿ 9:41)

ನನಗೆ ಇಷ್ಟ ಆ ಕಿತ್ತಾಟ. ಸೋತರೂ ಎದ್ದು ಹೋಗಲಿಲ್ಲ, ಗಮನಿಸಿ. ಪ್ಯಾರಿಸಿನಲ್ಲಿ ಎದ್ದು ಹೋದವರು ಇಲ್ಲಿ ಎದ್ದು ಹೋಗಲಿಲ್ಲ.

ಹೊಳೆಯಾಚೆ (ರಾತ್ರಿ 9:50)

ಚರ್ಚಿನ ಸಂಗೀತ ಬಿಟ್ಟುಹೋಗುತ್ತಿದೆ. ಮೂರು ಪೂಜಾಸಂಗೀತ ರಚಿಸಿದ್ದಾರೆ. ಮೂರನೆಯದು 'ಮೇರಿ ಲೂಸ್ ಮಾಸ್' ಎಂದೇ ಹೆಸರಾಯಿತು. 1971ರಲ್ಲಿ ಆಲ್ವಿನ್ ಏಯ್ಲಿ ಅದಕ್ಕೆ ನೃತ್ಯ ಕಟ್ಟಿದರು. 1975ರಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನಲ್ಲಿ ನುಡಿಯಿತು. ಆ ಕೆಥೆಡ್ರಲ್‌ನೊಳಗೆ ಜಾಝ್ ಕೇಳಿಸಿದ್ದು ಅದೇ ಮೊದಲು.

ಉಪ್ಪಿನಕಾಯಿ (ರಾತ್ರಿ 9:52)

ಈಗ ಹದಿನೇಳು ಇಪ್ಪತ್ತೆರಡಾಯಿತು. ಒಳ್ಳೆಯ ಸಹಾಯ.

ತಂಬೂರಿ ತಂತಿ (ಗುರುವಾರ, ರಾತ್ರಿ 11:02)

ನಾಲ್ಕು ದಿನ ಒದ್ದಾಡಿ ಮಾಡಿದ ಪಟ್ಟಿ: 'ನೈಟ್ ಲೈಫ್', 'ವಾಕಿನ್ ಆಂಡ್ ಸ್ವಿಂಗಿನ್', ಜೋಡಿಯಾಕ್‌ನಿಂದ ತುಲಾ, ಸಂತ ಮಾರ್ಟಿನ್, ಕೊನೆಗೆ 1975ರ 'ಫ್ರೀ ಸ್ಪಿರಿಟ್ಸ್' ತಟ್ಟೆಯಿಂದ ಒಂದು. ಅದರಲ್ಲಿ ಬಸ್ಟರ್ ವಿಲಿಯಮ್ಸ್ ಬೇಸ್, ಮಿಕ್ಕಿ ರೋಕರ್ ಡ್ರಮ್. ಎಡಗೈಯವರೇ, 'ರೋಲ್ ಎಮ್' ಬಿಟ್ಟದ್ದಕ್ಕೆ ಕ್ಷಮೆ ಇರಲಿ. ಟೇಲರ್ ಜೊತೆಗಿನದನ್ನು ಮನೆಯಲ್ಲಿ ಹಾಕಿ ನೋಡಿದೆ. ಹೆಂಡತಿ ಮಿಕ್ಸಿ ಕೆಟ್ಟಿತೇ ಎಂದು ಅಡುಗೆಮನೆಯಿಂದ ಕೇಳಿದಳು.

ಎಡಗೈ (ರಾತ್ರಿ 11:10)

ಕ್ಷಮಿಸುವುದಿಲ್ಲ. ಆದರೂ ಶುಭವಾಗಲಿ.

ತಂಬೂರಿ ತಂತಿ (ಭಾನುವಾರ, ರಾತ್ರಿ 8:55)

ಮುಗಿಸಿ ಬಂದೆ. ವರದಿ ಒಪ್ಪಿಸುತ್ತಿದ್ದೇನೆ.

'ನೈಟ್ ಲೈಫ್'ಗೆ ಮೃದಂಗದವರಲ್ಲಿ ಹಿರಿಯರು ತೊಡೆಯ ಮೇಲೆ ತಾಳ ಹಾಕತೊಡಗಿದರು. ಅರ್ಧ ನಿಮಿಷದಲ್ಲಿ ಹುಬ್ಬು ಗಂಟಿಕ್ಕಿ ನಿಲ್ಲಿಸಿದರು. ಬಲಗೈ ಹಿಡಿದು ಎಣಿಸಲು ಹೋಗಿ ತಪ್ಪಿದ್ದರು. "ಎಡಗೈ ಕೇಳಿ ಸರ್" ಎಂದೆ. ಮತ್ತೆ ಹಾಕಿಸಿದರು, ಈ ಸಲ ಕೊನೆಯವರೆಗೂ ತಪ್ಪಲಿಲ್ಲ. ಮುಗಿದ ಮೇಲೆ, "ಎತ್ತುಗಡೆ ಎಲ್ಲ ಒಂದು ಕೂದಲು ಮುಂಚೆ ಬೀಳುತ್ತದೆ. ಬೇಕೆಂದೇ ಬೀಳಿಸುತ್ತಾಳೆ, ಕಳ್ಳಿ" ಎಂದರು. ಅವರ ಬಾಯಲ್ಲಿ ಅದು ಬಹಳ ದೊಡ್ಡ ಹೊಗಳಿಕೆ.

ಅಲ್ಲಿಗೆ ಸಮಯ ತಪ್ಪಿತು. 'ವಾಕಿನ್' ಆಯಿತು. ತುಲಾ ನುಡಿಯುವಾಗ ಇಬ್ಬರು ಮೊಬೈಲ್ ನೋಡಿದರು, ಸುಳ್ಳೇಕೆ ಹೇಳಲಿ. ನಂತರ ಸಂತ ಮಾರ್ಟಿನ್. ಕಂಠಗಳು ಆರಂಭವಾದ ಮೇಲೆ ಚಹಾದ ಹುಡುಗ ಕೂಡ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತ. ಮುಗಿದಾಗ ಅಜ್ಜಿ, "ಯಾರು ಈ ಸಂತ?" ಎಂದು ಕೇಳಿದರು. ಲೀಮಾ ನಗರದವನು, ಅಪ್ಪ ಸ್ಪೇನಿನವನು, ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವಳು, ಮಠದಲ್ಲಿ ಕ್ಷೌರ ಮಾಡುತ್ತಾ ಕಸ ಗುಡಿಸುತ್ತಾ ರೋಗಿಗಳನ್ನು ನೋಡಿಕೊಂಡವನು, ಚಿತ್ರಗಳಲ್ಲಿ ಕೈಯಲ್ಲಿ ಪೊರಕೆ ಇರುತ್ತದೆ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೊರಕೆ ಹಿಡಿದವನ ಮೇಲೆ ಇಷ್ಟು ದೊಡ್ಡ ಹಾಡೇ! ಇನ್ನೊಮ್ಮೆ ಹಾಕು" ಎಂದರು. ಹಾಕಿದೆ.

ಐದನೆಯದಕ್ಕೆ ಹೊತ್ತು ಉಳಿಯಲಿಲ್ಲ. ಎರಡು ಸಲ ಎರಡು ಹಾಡು ಕೇಳಿಸಿದ್ದೂ ಲೆಕ್ಕಕ್ಕೆ ಬರುತ್ತದೆ, ಒಟ್ಟು ಆರಾಯಿತು ಎಂದು ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.

ಮುಸ್ಸಂಜೆ (ರಾತ್ರಿ 9:12)

ಆ ಮೂರು ವರ್ಷ ನುಡಿಸದೆ ಇದ್ದದ್ದನ್ನು ಹೇಳಿದಿರಾ?

ತಂಬೂರಿ ತಂತಿ (ರಾತ್ರಿ 9:15)

ಹೇಳಿದೆ. ಸಂತ ಮಾರ್ಟಿನ್ ಹಾಕುವ ಮುಂಚೆ. ಯಾರೂ ಏನೂ ಕೇಳಲಿಲ್ಲ.

ಕಂಪನಿ ಅಜ್ಜ (ಸೋಮವಾರ, ಬೆಳಿಗ್ಗೆ 6:01)

ಮೊಮ್ಮಗ ಆ 'ರೋಲ್ ಎಮ್' ಹಾಕಿಕೊಟ್ಟ. ಕು‍ರ್ಚಿಯಲ್ಲಿ ಕುಳಿತೇ ಕಾಲು ತುಳಿಯತೊಡಗಿತು, ಕೆಳಗೆ ತಿದಿ ಇಲ್ಲ. ಎಡಗೈ ಮೇಷ್ಟ್ರೇ, ಆ ಎಡಗೈ ನಡೆಯನ್ನು ಹಾರ್ಮೋನಿಯಂನಲ್ಲಿ ಕೂರಿಸಬಹುದೇ? ನಿಧಾನವಾಗಿ ಸರಿಗಮದಲ್ಲಿ ಬರೆದು ಕಳುಹಿಸಿ.